ಹೆಸರಿಲ್ಲದ ಕಫ

ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಕಂಡವರ ಕಫವನ್ನು ಗಾಜಿನ ಮೇಲೆ ಸವರುತ್ತಿದ್ದ ಅವಳಿಗೆ ಹೇಸಿಗೆಯಾಗುತ್ತಿದ್ದುದು ಕಫದಿಂದಲ್ಲ, ಖಾಲಿ ಬಾಟಲಿಗಳ ಮುಚ್ಚಳದಲ್ಲಿ ಸಿಗರೇಟು ಹೊಸಕುವ ದೊಡ್ಡ ಡಾಕ್ಟರರಿಂದ. ಸುಟ್ಟ ಮುಚ್ಚಳಗಳನ್ನೆಲ್ಲ ಅವಳೇ ಎಸೆಯಬೇಕು.

ಇವತ್ತು ಮೇಜಿನ ಮೇಲೆ ಹೆಸರು ಬರೆಯದ ಕಫದ ಬಾಟಲಿಯೊಂದಿತ್ತು. ಗೊಣಗುತ್ತಲೇ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಒಳ್ಳೆಯ ಜೀವಕೋಶ ಹಳತಾದರೆ ತಾನೇ ಸತ್ತು ಜಾಗ ಬಿಡುತ್ತದೆ. ಇವು ಸಾಯುವುದನ್ನೇ ಮರೆತು, ನಡುವಿನ ಕೇಂದ್ರ ಊದಿಸಿಕೊಂಡು, ಒಂದರ ಮೇಲೊಂದು ಬಿದ್ದಿದ್ದವು. ಕ್ಯಾನ್ಸರು. ಥೂ, ನಾಚಿಕೆಗೆಟ್ಟವು ಎಂದುಕೊಂಡಳು.

ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದರು: "ಹೆಸರಿಲ್ಲದ್ದೊಂದಿತ್ತಲ್ಲ, ನೋಡಿದ್ಯೇನಮ್ಮ? ನಮ್ಮ ಪರಿಚಯದವರದು."

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ನೋಡಿದಳು. ನಡುವೆ ಸಿಗರೇಟು ಸುಟ್ಟ ಕಪ್ಪು ಕಲೆ.

"ಕೂತ್ಕೊಳ್ಳಿ ಸಾರ್," ಎಂದಳು. "ಹೆಸರು ನಾನೇ ಬರ್ಕೋತೀನಿ."