ಕಟ್ಟಿದ ಗಾಲಿಯ ಪರೀಕ್ಷೆ

ನನ್ನ ಬಾಯಿ ದೊಡ್ಡದು. ಈಗಲೂ ಏನೂ ಸಣ್ಣದಾಗಿಲ್ಲ. ಅದರ ದೆಸೆಯಿಂದಲೇ ಮುದ್ದೇಬಿಹಾಳದ ಒಂದು ಸಂಬಂಧ ತಪ್ಪಿತ್ತು. ಎಪ್ಪತ್ತರ ದಶಕದ ಕೊನೆಗೆ ಇಂಡಿ ಊರಿನ ಹುಡುಗ ನನ್ನನ್ನು ನೋಡಲು ಸಿಂದಗಿಗೆ ಬಂದಾಗ, "ಕೇಳಿದ್ದಕ್ಕಷ್ಟ ಉತ್ತರ ಕೊಡು" ಎಂದು ಹೇಳಿ ಅವ್ವ ನನ್ನನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿದ್ದಳು.

ಹುಡುಗನಿಗೆ ಮುಂಬೈಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ನಮ್ಮ ಓಣಿಯಲ್ಲಿ ಆ ಯಂತ್ರವನ್ನು ಕಂಡವರೇ ಇರಲಿಲ್ಲ. ಎತ್ತಿನ ವ್ಯಾಪಾರಿಯಾದ ಅಪ್ಪ, ಸಂತೆಯಲ್ಲಿ ನಿಂತವನಂತೆ ಹುಡುಗನನ್ನು ಮೇಲಿಂದ ಕೆಳಗೆ ನೋಡಿದ.

"ದಿನಾ ಏನ್ ಮಾಡ್ತೀರಿ?"

"ಪರೀಕ್ಷಾದ ಪ್ರೋಗ್ರಾಮ್ ಹಾಕಿ, ಯಂತ್ರಕ್ಕ ಬಿಡದಂಗ ಲೆಕ್ಕಾ ಮಾಡಸ್ತೇವ್ರಿ. ಎಲ್ಲೆರೆ ಸೋಲ್ತೈತೇನು ನೋಡ್ತೇವ್ರಿ."

"ಯಾರ ಲೆಕ್ಕಾ?"

"ಯಾರದೂ ಅಲ್ರಿ. ಬರೇ ದಣಸಾಕ."

ಅಪ್ಪನ ಮುಖ ಇಳಿಯಿತು. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ ಎಂಬ ಗಾದೆ ಅವನ ಗಂಟಲ ತನಕ ಬಂದು ನಿಂತದ್ದು ನನಗೆ ಬಾಗಿಲ ಸಂದಿಯಿಂದಲೇ ಕಾಣುತ್ತಿತ್ತು.

ನನಗೋ ಹುಡುಗ ಹಿಡಿಸಿಬಿಟ್ಟಿದ್ದ. ನಾನು ಅರೆದ ಕೆಂಪು ಚಟ್ನಿಗೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ರೊಟ್ಟಿ ಕೇಳಿದವನು ಅವನು. ಬಾಯಿ ತಡೆಯಲಿಲ್ಲ.

"ಅಪ್ಪಾ, ನೀ ಎತ್ತು ತಗೊಳ್ಳುವಾಗ ಅದರ ಕಸುವು ನೋಡಾಕ ಗಾಡಿ ಗಾಲಿ ಹಗ್ಗದ್ಲೆ ಕಟ್ಟಿ, ಹಳ್ಳದ ದಂಡಿ ಏರಸ್ತಿಯಲ್ಲ, ಆ ಗಾಡಿ ಯಾವ ಊರಿಗೆ ಹೊಂಟಿರ್ತೈತಿ?"

ಅವ್ವ ನನ್ನ ತೋಳು ಚಿವುಟಿದಳು. ಹುಡುಗನ ಸೋದರಮಾವ ಮೀಸೆ ಸವರುತ್ತ ಹೊಸ್ತಿಲಾಚೆಯ ತನ್ನ ಚಪ್ಪಲಿಯತ್ತ ನೋಡಿದ. ಮುದ್ದೇಬಿಹಾಳದವರೂ ಎದ್ದು ಹೋಗುವ ಮುಂಚೆ ಹೀಗೇ ನೋಡಿದ್ದರು. ನನಗೆ ಅಳು ಒತ್ತರಿಸಿ ಬಂತು.

ಹುಡುಗ ಮಾತ್ರ ನಕ್ಕುಬಿಟ್ಟ. "ಅದ ಕೆಲಸಾರಿ ನಮ್ಮದು. ಗಾಲಿ ಕಟ್ಟಿ ಎಳಸೂದು."

ಅಪ್ಪ ನಗಲಿಲ್ಲ. ನಾನಿದ್ದ ಬಾಗಿಲ ಕಡೆ ಒಮ್ಮೆ ನೋಡಿ, ಎಲೆಗೆ ಸುಣ್ಣ ಸವರುತ್ತ ಕೇಳಿದ: "ಎತ್ತು ಸೋತ್ರ ನಾವು ಅದನ್ನ ಮಾಲಕನ ಮನಿಗೆ ತಿರುಗಿ ಹೊಡೀತೇವಿ. ನಿಮ್ಮ ಯಂತ್ರದಾಗ ದೋಷ ಸಿಕ್ರ?"

"ತಿರುಗಿ ಕಳಸೂದಿಲ್ರಿ. ದೋಷ ತಿಳ್ಕೊಳ್ಳೂದ ಜ್ವಾಪಾನ ಮಾಡಿ ನಡಸಾಕರಿ."

ಅಪ್ಪ ಮಡಚಿದ ಎಲೆಯನ್ನು ಅವನ ಕೈಗೆ ಕೊಟ್ಟ. ಸಂತೆಯಲ್ಲಿ ಎಂದೂ ಅಳುಕದ ಅವನ ದನಿ ಅಂದು ಸ್ವಲ್ಪ ನಡುಗುತ್ತಿತ್ತು.

"ಹಂಗಾದ್ರ ಆತು. ಇಕಿ ಬಾಯಿ ಎಂಥಾದ್ದಂತ ನೀವ ಕೇಳೀರಿ. ನಾಳೆ ಗೊತ್ತಿರಲಿಲ್ಲ ಅನಬ್ಯಾಡ್ರಿ."