ಮಳೆಗಾಲಕ್ಕೆ ಇಟ್ಟ ದುಡ್ಡು

ಮೊನ್ನೆ ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ಜಿಂಜರ್ ಸೋಡಾದ ಮುಚ್ಚಳ ತೆಗೆದಳು. ಶುಂಠಿ ಎಸೆನ್ಸಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಲ್ಲಿಗೋ ಹೊರಟುಹೋದೆ. ಬಸ್ಸೂ ನನ್ನನ್ನು ಬಿಟ್ಟು ಹೊರಟುಹೋಯಿತು. ಮುಂದಿನ ಬಸ್ಸು ಮುಕ್ಕಾಲು ಗಂಟೆಯ ಮೇಲೆ. ಇರಲಿ ಬಿಡಿ, ಮನೆಯಲ್ಲಿ ನನ್ನ ದಾರಿ ನೋಡುವವರು ಈಗ ಯಾರೂ ಇಲ್ಲ. ಅಲ್ಲೇ ಕೂತು ಹೊಳೆನರಸೀಪುರದ ಕೆಂಚಪ್ಪಣ್ಣನನ್ನು ನೆನೆಸಿಕೊಂಡೆ.

ಅವನದು ಸೋಡಾ ಕಾರ್ಖಾನೆ. ಬೋರ್ಡಿನಲ್ಲಿ ಹಾಗೆ ಬರೆದಿತ್ತು ಅಷ್ಟೆ. ಎರಡು ಕೋಣೆ, ಕೈಯಲ್ಲಿ ತಿರುಗಿಸುವ ಒಂದು ಮಿಷನ್ನು, ಗೋಲಿ ಬಾಟಲಿಗಳು, ಗಾಡಿ ತಳ್ಳುವ ನಿಂಗಯ್ಯ. ಹೊಸ ಪೈಸೆ ಬಂದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಫೇಲಾಗಿ, ಮನೆಯವರ ಮುಖ ನೋಡಲಾರದೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಅಲ್ಲಿಗೆ ಗುಮಾಸ್ತನಾಗಿ ಸೇರಿದೆ. ಗುಮಾಸ್ತ ಎನ್ನುವುದೂ ಬೋರ್ಡಿನ ಹಾಗೆಯೇ. ದಿನದ ಮುಕ್ಕಾಲು ಪಾಲು ಬಾಟಲಿ ತೊಳೆಯುತ್ತಿದ್ದೆ.

ಸೋಡಾ ವ್ಯಾಪಾರದ ಮರ್ಮ ನಿಮಗೆ ಹೇಳಬೇಕು. ಶಿವರಾತ್ರಿ ಕಳೆದರೆ ದುಡ್ಡು ಹೊಳೆಯ ಹಾಗೆ ಬರುತ್ತದೆ. ಮಳೆ ಹಿಡಿದರೆ ನಿಂತೇಹೋಗುತ್ತದೆ. ಅಂಗಡಿಯವರು ಬಾಟಲಿಗೆ ಎಂಟಾಣೆ ಠೇವಣಿ ಇಟ್ಟು ಸೋಡಾ ಒಯ್ಯುತ್ತಾರೆ. ಬಾಟಲಿ ತಿರುಗಿ ತಂದಾಗ ಆ ಎಂಟಾಣೆ ಕೊಡಬೇಕು. ಕೆಂಚಪ್ಪಣ್ಣ ಠೇವಣಿಯ ದುಡ್ಡನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ಒಮ್ಮೆ ಚಿಲ್ಲರೆಗೆಂದು ನಾನು ಅದಕ್ಕೆ ಕೈ ಹಾಕಿದಾಗ ಮುಂಗೈ ಹಿಡಿದುಕೊಂಡ.

“ಲೇ, ಇದು ನಮ್ದಲ್ಲ ಕಣ್ಲಾ. ಅವ್ರು ನಂಬಿ ಮಡಗಿರೋದು.”

“ಮಿಕ್ಕಿದ್ದು ನಮ್ದೇ ತಾನೆ?”

“ಅದೂ ಎಲ್ಲಾ ನಮ್ದು ಅನ್ಕಬ್ಯಾಡ. ಆಸಾಡದಲ್ಲಿ ನಾವು ಉಣ್ಬೇಕು, ನಿಂಗಯ್ಯಂಗೆ ಕೂಲಿ ಕೊಡ್ಬೇಕು. ಚಳಿ ಕಳೀತಿದ್ದಂಗೆ ಮೈಸೂರಿಂದ ಗ್ಯಾಸು ತರುಸ್ಬೇಕು, ಅದು ರೊಕ್ಕ ಎಣಿಸಿದ್ರೇನೇ ರೈಲು ಹತ್ತೋದು. ಆಗ ನಾನು ಯಾರತ್ರ ಓಗ್ಲಿ?”

ಬೇಸಿಗೆಯಲ್ಲಿ ಅವನ ಬಳಿ ಕೈಸಾಲ ಕೇಳದವರಿರಲಿಲ್ಲ. ಎಲ್ಲರಿಗೂ ಒಂದೇ ಉತ್ತರ, ಇಲ್ಲ. ಜನ ಜಿಪುಣನೆಂದರು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಬೇಸಿಗೆಯಲ್ಲಿ ಇಲ್ಲ ಎನಿಸಿಕೊಂಡವರು ಮಳೆಗಾಲದಲ್ಲಿ ಅವನ ಜಗಲಿಗೆ ಬರುತ್ತಿರಲಿಲ್ಲ. ಹೇಮಾವತಿ ಕೆಂಪಾಗಿ ಹರಿಯುವ ಆ ತಿಂಗಳುಗಳಲ್ಲಿ ನಾವಿಬ್ಬರೇ ಎದುರುಬದುರು ಕೂತು, ಒಡೆದ ಗೋಲಿ, ಹಳೆಯ ರಬ್ಬರು ಬೇರೆ ಮಾಡುತ್ತಿದ್ದೆವು. ಅವನಿಗೆ ಮಾತಾಡಲು ಆಸೆ. ನನಗೆ ಆಕಳಿಕೆ.

ಎರಡನೇ ಬೇಸಿಗೆಯಲ್ಲಿ ನನಗೂ ಮಾಲೀಕನಾಗುವ ಹುಚ್ಚು ಹತ್ತಿತು. ಅರಕಲಗೂಡಿನಲ್ಲಿ ಸೋಡಾ ಅಂಗಡಿ ಹಾಕಲು ಇನ್ನೂರು ರೂಪಾಯಿ ಕೇಳಿದೆ. ಇಲ್ಲ ಎಂದ. “ನಿನ್ನ ದುಡ್ಡಿನ ಜೊತೆ ನೀನೇ ಸಂಸಾರ ಮಾಡು” ಎಂದು ಅಂದುಬಿಟ್ಟೆ. ಹೆಂಡತಿ ಸತ್ತವನಿಗೆ ಹೇಳುವ ಮಾತೇ ಅದು? ನಾನು ಮೆಟ್ಟಿಲಿಳಿಯುವಾಗ, “ಬಾಟ್ಲಿ ದುಡ್ಡು ಮಾತ್ರ ಮುಟ್ಬ್ಯಾಡ ಕಣ್ಲಾ” ಎಂದಷ್ಟೇ ಹೇಳಿದ.

ನನ್ನ ಸ್ವಂತ ಅಣ್ಣನ ಕೈಕಾಲು ಹಿಡಿದು ಬಂಡವಾಳ ಹೊಂದಿಸಿದೆ. ಹಾಸನದಿಂದ ಬಾಡಿಗೆಗೆ ಮಿಷನ್ನು ತಂದೆ. ಬಾಟಲಿಗಳೂ ಕೆಂಚಪ್ಪಣ್ಣನ ಗಿಡ್ಡ ಬಾಟಲಿಗಳಲ್ಲ, ಉದ್ದ ಕತ್ತಿನ ಹೊಸ ಮಾದರಿಯವು. ಆ ವರ್ಷ ಬಿಸಿಲು ನನ್ನ ಪರವಾಗಿಯೇ ಸುಟ್ಟಿತು. ಮಾರಿದ ದುಡ್ಡು, ಠೇವಣಿ ದುಡ್ಡು ಎಲ್ಲವನ್ನೂ ಒಂದೇ ಗಲ್ಲಾಕ್ಕೆ ಸುರಿದೆ. ಅದು ತುಂಬಿದ್ದು ಕಂಡು ನಾನು ಸಾಹುಕಾರನಾದೆ ಎಂದುಕೊಂಡೆ. ಸೈಕಲ್ಲು ಬಂತು, ರೇಡಿಯೋ ಬಂತು. ಸಂಜೆ ರೇಡಿಯೋ ಕೇಳಲು ಹತ್ತು ಜನ ಸೇರುತ್ತಿದ್ದರು. ಎಲ್ಲರಿಗೂ ಪುಕ್ಕಟೆ ಸೋಡಾ.

ಮಳೆ ಹಿಡಿದ ವಾರವೇ ಅಂಗಡಿಯವರು ಬಾಟಲಿ ಹೊತ್ತು ತಂದರು. ನಾಲ್ಕು ಜನಕ್ಕೆ ಠೇವಣಿ ಕೊಡುವಷ್ಟರಲ್ಲಿ ಗಲ್ಲಾದ ತಳ ಕಂಡಿತು. ರೇಡಿಯೋ ಅರ್ಧ ಬೆಲೆಗೆ ಹೋಯಿತು, ಹಿಂದೆಯೇ ಸೈಕಲ್ಲು. ರೇಡಿಯೋ ಹೋದ ಮೇಲೆ ಆ ಹತ್ತು ಜನರೂ ಬರಲಿಲ್ಲ. ಸುತ್ತ ಖಾಲಿ ಬಾಟಲಿ, ಹೊರಗೆ ಬಿಡದ ಜಡಿಮಳೆ. ಬಾಗಿಲು ತಟ್ಟಿದರೆ ಅದು ದುಡ್ಡು ಕೇಳುವವರೇ.

ಬಸ್ ಸ್ಟಾಂಡಿನ ಹತ್ತಿರ ಬೀಡಿ, ಬಾಳೆಹಣ್ಣು ಮಾರುತ್ತಿದ್ದ ಪುಟ್ಟಮ್ಮ ಮೂರು ದಿನ ಬಂದಳು. ಹದಿನೆಂಟು ಬಾಟಲಿಗೆ ಒಂಬತ್ತು ರೂಪಾಯಿ. ಮೂರನೇ ದಿನ ನಾನು ಒಳಗೇ ಇದ್ದು ಬಾಗಿಲು ತೆಗೆಯಲಿಲ್ಲ. ಅವಳಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಹೊರಗಿನಿಂದಲೇ ಹೇಳಿದಳು: “ನಿಮ್ಗದು ಸಣ್ ದುಡ್ಡಿರಬೋದು ಸಾ. ನನ್ ಅಂಗ್ಡಿ ಪೂರಾ ಅಷ್ಟೇಯ.” ಗೋಡೆಗೊರಗಿ ಉಸಿರು ಬಿಗಿಹಿಡಿದು ನಿಂತಿದ್ದೆ. ಅಷ್ಟು ಒಂಟಿ ನಾನು ಆಮೇಲೆ ಎಂದೂ ಆಗಿಲ್ಲ, ಈಗಲೂ ಇಲ್ಲ.

ಮಾರನೆಯ ದಿನ ಹೊಳೆನರಸೀಪುರಕ್ಕೆ ಹೋದೆ. ಕೆಂಚಪ್ಪಣ್ಣ ಮುದ್ದೆಗೆ ಕೂತಿದ್ದ. ಏನೂ ಕೇಳದೆ ಇನ್ನೊಂದು ತಟ್ಟೆ ಹಾಕಿದ. ಉಂಡಾದ ಮೇಲೆ ಎಲ್ಲ ಹೇಳಿದೆ.

“ಸಾಲ ಕೊಡಾಕಿಲ್ಲ” ಎಂದ. ತಟ್ಟೆಗಳನ್ನು ತೊಳೆದಿಟ್ಟು ಬಂದ. “ಬಾಟ್ಲಿ ಎಷ್ಟವೆ?”

“ಮುನ್ನೂರಿರಬೋದು.”

“ತಂದಾಕು. ಎಂಟಾಣೆಗೊಂದ್ರಂಗೆ ತಗತೀನಿ. ಮೊದ್ಲು ಆ ಎಣ್ಣೆಂಗ್ಸಿನ ದುಡ್ಡು ಕೊಟ್ಬುಡು.”

ಬಳಸಿದ ಬಾಟಲಿಗೆ ಅಷ್ಟು ಬೆಲೆ! ಮುದುಕ ಸಿಕ್ಕಿಬಿದ್ದ ಎಂದು ಒಳಗೊಳಗೇ ಹಿಗ್ಗಿದೆ. ಅವನು ನೋಟು ಎಣಿಸಿಕೊಟ್ಟು, “ಮಿಷನ್ನು ವಾಪಸ್ ಮಾಡ್ಬುಟ್ಟು ಇಲ್ಲೇ ಬಂದ್ಬುಡು. ಮಳೆಗಾಲದಾಗೆ ಒಬ್ನೇ...” ಎಂದು ಅಲ್ಲಿಗೇ ನಿಲ್ಲಿಸಿದ. ನೋಡೋಣ ಎಂದೆ. ಪುಟ್ಟಮ್ಮನಿಗೂ ಮಿಕ್ಕವರಿಗೂ ದುಡ್ಡು ಕೊಟ್ಟೆ, ಬಾಟಲಿಗಳನ್ನು ಗಾಡಿಯಲ್ಲಿ ಕಳಿಸಿದೆ. ನಾನು ಮಾತ್ರ ಹೋಗಲಿಲ್ಲ. ಹಾಸನದಲ್ಲಿ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ಹೊಳೆನರಸೀಪುರಕ್ಕೆ ಒಂದೂವರೆ ಗಂಟೆಯ ದಾರಿ. ಒಂದು ಭಾನುವಾರವೂ ನನಗೆ ಪುರಸೊತ್ತಾಗಲಿಲ್ಲ.

ಐದಾರು ವರ್ಷದ ಮೇಲೆ ನಿಂಗಯ್ಯ ಯಾವುದೋ ಅರ್ಜಿ ಹಿಡಿದು ನಮ್ಮ ಆಫೀಸಿಗೆ ಬಂದ. ಕೆಂಚಪ್ಪಣ್ಣ ಹೇಗಿದ್ದಾನೆ ಎಂದೆ.

“ಓದ ವರ್ಸ ತೀರ್ಕಂಡ್ರಲ್ಲ ಸಾ.” ಆಮೇಲೆ ಯಾವ ಆಕ್ಷೇಪಣೆಯೂ ಇಲ್ಲದೆ ಹೇಳಿದ: “ನೀವು ಕಳ್ಸಿದ ಬಾಟ್ಲಿ ಇನ್ನೂ ಅಂಗೇ ಅವೆ. ಕತ್ತು ಉದ್ದ, ನಮ್ ಮಿಷನ್ನಿಗೆ ಕೂರ್ತಿರ್ಲಿಲ್ಲ. ಆ ವರ್ಸ ಗ್ಯಾಸಿಗೆ ದುಡ್ಡು ಸಾಲ್ದೆ ಯುಗಾದಿಗಂಟ ಮಿಷನ್ ತಿರುಗ್ಲಿಲ್ಲ. ನಂಗೆ ಕೂಲಿ ಮಾತ್ರ ತಪ್ಪುಸ್ಲಿಲ್ಲ.”

ಎರಡು ವರ್ಷ ಅದೇ ಮಿಷನ್ನು ತಿರುಗಿಸಿದವನು ನಾನು. ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತೋ ಏನೋ.

ಅಂದು ಮನೆಗೆ ಹೋಗಿ ಹೆಂಡತಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಏಕೆಂದರೆ ಮದುವೆಯಾದ ಹೊಸದರಲ್ಲೇ ಅವಳಿಗೆ ಬೇರೆ ಕಥೆ ಹೇಳಿದ್ದೆ: ಜಿಪುಣ ಮುದುಕನ ತಲೆಗೆ ಹಳೆಯ ಬಾಟಲಿ ಕಟ್ಟಿ ದುಡ್ಡು ಎತ್ತಿದ ನನ್ನ ಜಾಣತನದ ಕಥೆ. ಅವಳಿಗೆ ಅದು ಬಹಳ ಇಷ್ಟ. ನೆಂಟರು ಬಂದಾಗಲೆಲ್ಲ, “ಆ ಸೋಡಾ ಕಥೆ ಹೇಳಿ ಅಂದ್ರೆ” ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಅವಳು ಹೋಗಿ ಮೂರು ವರ್ಷವಾಯಿತು.

ಇದ್ದದ್ದು ಇದ್ದ ಹಾಗೆ ಹೇಳಿದ್ದು ಇದೇ ಮೊದಲು. ಅವಳಿಗೆ ಹೇಳಬೇಕಾಗಿದ್ದನ್ನು ನಿಮಗೆ ಹೇಳಿದ್ದೇನೆ. ನೀವು ನಗದೆ ಕೇಳಿದಿರಿ.