ಮೇಘನಳ ಕಾಲಿಗೆ ನಾನು ಸೇರಿಸಿದ ಮೂರು ಇಂಚು

ನನಗೆ ಅಳತೆ ತಪ್ಪಲಿಲ್ಲ, ಅಳತೆಯನ್ನು ನಾನು ತಪ್ಪಾಗಿ ಹೇಳಿದೆ. ಮೊಮ್ಮಗಳು ಮೇಘನಳ ಕಾಲು ಇಪ್ಪತ್ತೊಂಬತ್ತು ಇಂಚು ಎಂದು ಟೇಪಿನಲ್ಲಿ ಸರಿಯಾಗಿ ಕಂಡಿತ್ತು. ಬಾಯಿಗೆ ಬಂದದ್ದು ಮೂವತ್ತೆರಡು — ಬಾಯಿಗೆ ಬಂದದ್ದು ಎಂದು ಬರೆದೆ ನೋಡಿ, ಯಾರದೋ ಬಾಯಿ ಎಂಬ ಹಾಗೆ! ನಾನೇ ಹೇಳಿದ್ದು. ಬೇಕೆಂದೇ ಹೇಳಿದ್ದು.

ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೂ ಕುಳಿತಿದ್ದೇನೆ, ಯಾಕೆಂದರೆ ಸಂತೋಷ ತಡೆಯಲಾಗುತ್ತಿಲ್ಲ. ಕಳೆದ ಭಾನುವಾರ ಕೊಚ್ಚಿಯಲ್ಲಿ ಮೇಘನಾ ಟ್ರಯಾಥ್ಲಾನ್ ಮುಗಿಸಿದಳು — ಮೊದಲು ಈಜು, ಮೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಸೈಕಲ್, ಸೈಕಲ್ಲಿನಿಂದ ಇಳಿದು ಓಟ. ಅವಳು ಓಡಿಬಂದಾಗ ನಾನು ಕುರ್ಚಿಯಿಂದ ಎದ್ದು ಕೂಗಿದ್ದೇ ಕೂಗಿದ್ದು. ಪಕ್ಕದವರೆಲ್ಲ ತಿರುಗಿ ನೋಡಿದರು. ನೋಡಲಿ! ಮೆಡಲನ್ನು ನನ್ನ ಕೊರಳಿಗೇ ಹಾಕಿದಳು. ಆ ಹೊತ್ತಿಗೆ ಅವಳು ಆಡಿದ ಮಾತೊಂದು — ಇಲ್ಲ, ಮೊದಲಿನಿಂದಲೇ ಹೇಳಬೇಕು.

ನಮ್ಮ ಊರು ಕಾಸರಗೋಡು. ಮಗ ರಾಘವನ ಸರಕಾರಿ ಕೆಲಸದಿಂದಾಗಿ ತಿರುವನಂತಪುರದ ಪಟ್ಟಂನಲ್ಲಿ ಫ್ಲ್ಯಾಟು. ಆಗ ಮೇಘನಳಿಗೆ ಹದಿನಾರು, ತಮ್ಮ ವಿವೇಕನಿಗೆ ಹನ್ನೊಂದು. ವಿವೇಕ ಹುಟ್ಟಿದಾಗ ನಾನು ಬೀದಿಗೆಲ್ಲ ಸಕ್ಕರೆ ಹಂಚಿದ್ದೆ. ಮೇಘನಾ ಹುಟ್ಟಿದಾಗ ಆಸ್ಪತ್ರೆಗೆ ಹೋದದ್ದೇ ತಡವಾಗಿ. ಅವಳು ಮೀನಿನ ಹಾಗೆ ಈಜುತ್ತಿದ್ದಳು. ಮುಂದಿನ ವರ್ಷ ರಾಜ್ಯದ ಟ್ರಯಾಥ್ಲಾನ್ ತಂಡಕ್ಕೆ ಸೇರಬಹುದು, ಒಳ್ಳೆಯ ಸೈಕಲ್ ಒಂದು ಬೇಕು ಎಂದು ಅವಳ ಕೋಚ್ ಹೇಳಿದರು. ರಾಘವ ಒಪ್ಪಿದ. ಒಂದೇ ಸೈಕಲ್, ಎರಡನೆಯದಕ್ಕೆ ಕೈಲಾಗದು ಎಂದೂ ಹೇಳಿದ. ನನ್ನ ತಲೆಗೆ ಆಗಲೇ ಹುಳ ಹೊಕ್ಕಿತು. ಹುಡುಗಿ ಮದುವೆಯಾಗಿ ಹೋಗುವವಳು. ಸೈಕಲ್ ಮನೆಯಲ್ಲಿ ಉಳಿಯುವುದು. ಉಳಿದರೆ ಯಾರಿಗೆ ಸರಿಹೊಂದಬೇಕು?

ಅಂಥ ಸೈಕಲನ್ನು ಕೊಚ್ಚಿಯ ಕಲೂರಿನ ಒಂದು ಅಂಗಡಿಯವರು ಹೊರಗಿನಿಂದ ತರಿಸಿಕೊಡುತ್ತಿದ್ದರು. ಚೌಕಟ್ಟಿನಲ್ಲಿ ಸಣ್ಣದು ದೊಡ್ಡದು ಉಂಟಂತೆ, ಸವಾರಿ ಮಾಡುವವರ ಕಾಲಿನ ಉದ್ದ ನೋಡಿ ಆರಿಸಬೇಕಂತೆ. ಫೋನಿನಲ್ಲೇ ವಿಧಾನ ಹೇಳಿಕೊಟ್ಟರು: ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಕಾಲುಗಳ ನಡುವೆ ದಪ್ಪದೊಂದು ಪುಸ್ತಕವನ್ನು ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಬೇಕು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ವಯಸ್ಸಿಗೆ ಬಂದ ಮಗಳನ್ನು ಹೀಗೆ ಅಳೆಯಲು ರಾಘವನಿಗೆ ನಾಚಿಕೆ. ಸೊಸೆ ಆಫೀಸಿನಲ್ಲಿ. ರವಿಕೆ ಹೊಲಿಯುವ ಟೇಪು ಹಿಡಿದುಕೊಂಡು ಹೋದವಳು ನಾನು.

"ಎತ್ರಯಾ ಅಜ್ಜೀ?" ಎಷ್ಟೆಂದು ಕೇಳಿದಳು ಮೇಘನಾ, ಮಲಯಾಳದಲ್ಲೇ.

"ಮೂವತ್ತೆರಡು!" ಹೊರಗಿನ ಕೋಣೆಗೆ ಕೇಳುವ ಹಾಗೆ ಕೂಗಿದೆ.

ಫೋನು ಹಿಡಿದುಕೊಂಡೇ ರಾಘವ ಬಾಗಿಲಿಗೆ ಬಂದ. "ಅಮ್ಮಾ, ಇನ್ನೊಂದು ಸಲ ಅಳೀಬೇಕಂತೆ. ಹುಡುಗಿ ಇಷ್ಟು ಗಿಡ್ಡ, ಕಾಲು ಮಾತ್ರ ಹೇಗೆ ಅಷ್ಟು ಉದ್ದ ಅಂತ ಕೇಳ್ತಾರೆ."

ದೇವರು ನನಗೆ ಕೊಟ್ಟ ಇನ್ನೊಂದು ಅವಕಾಶ ಅದು. ನಾನೇನು ಹೇಳಿದೆ ಗೊತ್ತೇ?

"ಎರಡು ಸಲ ಅಳೆದಾಯ್ತು ಮಾರಾಯ. ಊರಿನ ಹೆಂಗಸರ ರವಿಕೆ ಎಲ್ಲ ಹೊಲಿದವಳಿಗೆ ಟೇಪು ನೋಡ್ಲಿಕ್ಕೆ ಗೊತ್ತಿಲ್ವಾ? ಬೆಳೆಯುವ ಮಕ್ಕಳಿಗೆ ಸ್ವಲ್ಪ ದೊಡ್ಡದೇ ಇರ್ಲಿ."

ಆ ಕೊನೆಯ ಮಾತಿಗೆ ಯಾರೂ ಎದುರಾಡಲಿಲ್ಲ. ಯೂನಿಫಾರ್ಮನ್ನು ದೊಡ್ಡದು ಹೊಲಿಸುತ್ತೇವೆ, ಚಪ್ಪಲಿಯನ್ನು ದೊಡ್ಡದು ಕೊಳ್ಳುತ್ತೇವೆ — ಸೈಕಲಿಗೂ ಅದೇ ಲೆಕ್ಕವೆಂದು ಎಲ್ಲರೂ ಭಾವಿಸಿದರು. ನಾನು ಹಾಗೆ ಭಾವಿಸಿದವಳಲ್ಲ. ನಾನು ಮುಂದೆ ಬೆಳೆದು ನಿಲ್ಲುವ ವಿವೇಕನ ಕಾಲನ್ನು ಲೆಕ್ಕ ಹಾಕಿದವಳು.

ಸೈಕಲ್ ಬಂತು. ಹೊರಗಿನಿಂದ ತರಿಸಿದ್ದು, ಹಿಂದಕ್ಕೆ ಕೊಡುವ ಹಾಗಿಲ್ಲ. ಸೀಟನ್ನು ಪೂರ್ತಿ ಇಳಿಸಿದರೂ ನಿಂತಾಗ ಅವಳ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಮುಂದಕ್ಕೆ ಬಾಗಿ ಮೊಣಕೈ ಊರಿ ಓಡಿಸುವ ಸೈಕಲ್ ಅದು. ಊರುವ ಜಾಗ ಅವಳಿಗೆ ಎಟುಕದು. ಕುತ್ತಿಗೆ ಹಿಡಿಯಿತು, ಕೈ ಜೋಮು ಹಿಡಿಯಿತು. ದಿನಾ ಸಂಜೆ ಅವಳ ಬೆನ್ನಿಗೆ ಎಣ್ಣೆ ಉಜ್ಜುತ್ತಿದ್ದವಳೂ ನಾನೇ. ಉಜ್ಜುತ್ತ ಏನು ಹೇಳುತ್ತಿದ್ದೆ ಎಂಬುದನ್ನೂ ಬರೆದುಬಿಡುತ್ತೇನೆ. "ಸೈಕಲಿಗೆ ಎಂತ ಆಗಿದೆ? ನಿನ್ನ ಮೈಯೇ ಸರಿ ಇಲ್ಲ ಕೂಸೇ. ಮೋಟು ಕಾಲು, ಮೋಟು ಕೈ." ಅವಳು ನಂಬಿದಳು. ಕನ್ನಡಿಯ ಮುಂದೆ ಕೈ ಚಾಚಿ ನೋಡಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ. ಬೆಳಗ್ಗೆ ಎದ್ದು ಬಾಗಿಲ ಚೌಕಟ್ಟಿಗೆ ಜೋತುಬೀಳುತ್ತಿದ್ದಳು — ನಾನು ಸೇರಿಸಿದ್ದ ಆ ಮೂರು ಇಂಚನ್ನು, ತನಗೇ ಗೊತ್ತಿಲ್ಲದೆ, ಬೆಳೆಯುವುದಕ್ಕೆ. ಕಂಡೂ ನಾನು ದೋಸೆ ಹೊಯ್ಯುತ್ತಿದ್ದೆ. ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಖುಷಿ. ಇವಳು ಬೇಗ ಬಿಟ್ಟಷ್ಟೂ ಸೈಕಲ್ ಹೊಸದಾಗಿಯೇ ಉಳಿಯುವುದಲ್ಲವೇ!

ತಂಡಕ್ಕೆ ಆರಿಸುವ ಪಂದ್ಯ ನಡೆದದ್ದು ಕೊಚ್ಚಿಯಲ್ಲೇ. ಹುಡುಗಿಯರಲ್ಲಿ ಎಲ್ಲರಿಗಿಂತ ಮೊದಲು ನೀರಿನಿಂದ ಎದ್ದವಳು ಮೇಘನಾ. ಸೈಕಲಿನಲ್ಲಿ ಒಬ್ಬೊಬ್ಬರೇ ಅವಳನ್ನು ದಾಟಿಹೋದರು. ಕೊನೆಗೆ ಇಳಿಯುವ ಜಾಗದಲ್ಲಿ ಕಾಲು ಕೆಳಗಿಟ್ಟಳು — ನೆಲ ಸಿಗಲಿಲ್ಲ. ಸೈಕಲಿನ ಸಮೇತ ಬಿದ್ದಳು. ಅದರ ಅಡಿಯಲ್ಲಿ ಸಿಕ್ಕಿಕೊಂಡು ಮೊಣಕಾಲು ಸುಲಿದು ಒದ್ದಾಡುತ್ತಿದ್ದವಳನ್ನು ಕಂಡು ಯಾರೋ ನಕ್ಕರು. ನಾನೂ ನಕ್ಕೆ. ಗಟ್ಟಿಯಾಗಿಯೇ. ಅವಳು ತಲೆಯೆತ್ತಿ, ಅಷ್ಟು ಜನರ ನಡುವೆ, ನನ್ನನ್ನೇ —

ಆಮೇಲೆ ಅವಳು ಸೈಕಲ್ ಮುಟ್ಟಲಿಲ್ಲ. ಈಜುವುದನ್ನೂ ಬಿಟ್ಟಳು. ವಿವೇಕ ಬೆಳೆದ, ಸೈಕಲ್ ಅವನಿಗೆ ಹೇಳಿ ಮಾಡಿಸಿದ ಹಾಗೆ ಕುಳಿತಿತು, ನಾನು ಪಾಯಸ ಮಾಡಿದೆ. ಒಂದು ಮಳೆಗಾಲ ಓಡಿಸಿ ಅವನಿಗೆ ಬೇಸರ ಬಂತು.

ವರ್ಷಗಳು ಕಳೆದವು. ಈಗ ಮೇಘನಾ ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಸ್ವಂತ ಸಂಬಳದಲ್ಲಿ ಸೈಕಲ್ ಕೊಂಡಳು. ಅಂಗಡಿಯಲ್ಲಿ ಅವಳ ಮೈಯನ್ನೆಲ್ಲ ಅಳೆದು, ಮೊದಲಿನದು ಎರಡು ಸೈಜು ದೊಡ್ಡದಿತ್ತು ಎಂದರಂತೆ. ಭಾನುವಾರ ಮೆಡಲು ನನ್ನ ಕೊರಳಿಗೆ ಹಾಕಿ ಗೆಳತಿಯರಿಗೆ ಹೇಳಿದಳು: "ಎಂಡೆ ಅಜ್ಜಿ! ಮೊದಲನೇ ಸೈಕಲಿಗೆ ಅಳತೆ ತೆಗೆದದ್ದು ಇವರೇ, ಬ್ಲೌಸಿನ ಟೇಪಿನಲ್ಲಿ! ಪಾವಂ, ಸ್ವಲ್ಪ ತಪ್ಪಿಹೋಯ್ತು."

ಎಂಡೆ ಅಜ್ಜಿ ಎಂದರೆ ನನ್ನ ಅಜ್ಜಿ; ಪಾವಂ ಎಂದರೆ ಪಾಪದವಳು, ಏನೂ ಅರಿಯದವಳು. ಎಲ್ಲರೂ ನಕ್ಕರು, ನಾನೂ ಹಲ್ಲು ಕಿರಿದೆ. ಅವಳು ಕ್ಷಮಿಸಿದ್ದು ಕಣ್ಣು ಮಂಜಾದ ಮುದುಕಿಯೊಬ್ಬಳ ಕೈತಪ್ಪನ್ನು. ಅಂಥ ಮುದುಕಿ ಅಳತೆ ತೆಗೆದ ಆ ಕೋಣೆಯಲ್ಲಿ ಇರಲೇ ಇಲ್ಲ.

ಮೇಘನಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಹಾಗಾಗಿ ಇದನ್ನು ಬರೆದು ಹಗುರಾದೆನೆಂದುಕೊಂಡರೆ ಅದೂ ಇನ್ನೊಂದು ಮೋಸ. ಶನಿವಾರ ಅವಳು ಮನೆಗೆ ಬರುತ್ತಾಳೆ. ಎದುರಿಗೆ ಕೂರಿಸಿಕೊಂಡು ನಾನೇ ಓದಿ ಹೇಳುತ್ತೇನೆ, ನಕ್ಕದ್ದನ್ನೂ ಬಿಡದೆ. ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟರೆ, ಬಿಡಲಿ. ಅವಳ ಮೈ ಯಾವತ್ತೂ ಸರಿಯಾಗಿಯೇ ಇತ್ತು ಎಂಬುದನ್ನು ಅವಳು ನನ್ನ ಬಾಯಿಂದಲೇ ಕೇಳಬೇಕು.